ಧೂಳಿನ ಸಾಕ್ಷಿಗಳು

ಕೊಪ್ಪಳದ ಗಿಣಿಗೇರಿ, ಅಲ್ಲಾನಗರ, ಹಿರೇಬಗನಾಳದ ಸುತ್ತ ಸ್ಪಾಂಜ್ ಐರನ್ ಕಾರ್ಖಾನೆಗಳ ಕಪ್ಪು ಧೂಳು ಬೆಳೆಯ ಮೇಲೆ ಕೂರುತ್ತದೆಂಬುದು ರೈತರ ಬಹುಕಾಲದ ದೂರು. ನಗರದಂಚಿನ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಕೂಡ ನಡೆಯಿತು.

ಇಂಥ ತನಿಖೆಗೆ ಪತ್ರಿಕೋದ್ಯಮ ವಿದ್ಯಾರ್ಥಿಗಳು ಫೇಸ್‌ಬುಕ್, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮಾಹಿತಿದಾರರನ್ನು ಹುಡುಕುವುದು ಸ್ವಾಗತಾರ್ಹ. ಕುಷ್ಟಗಿ, ಯಲಬುರ್ಗಾದ ಫ್ಲೋರೈಡ್ ನೀರಿರಲಿ, ಗಂಗಾವತಿಯ ಭತ್ತದ ಗದ್ದೆಗಳ ಕೀಟನಾಶಕವಿರಲಿ, ದೂರದ ಹಳ್ಳಿಯ ಅನುಭವಸ್ಥರನ್ನು ಗುರುತಿಸಲು ಇಷ್ಟು ಸುಲಭದ ಸಾಧನ ಹಿಂದೆ ಇರಲಿಲ್ಲ.

ಆದರೆ ಅಲ್ಲಿ ಸಿಗುವುದು ಸುಳಿವು ಮಾತ್ರ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊದಲ್ಲಿ ತೆಗೆದ ದಿನಾಂಕ, ಸ್ಥಳದ ವಿವರ ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ. ತೆಗೆದವನಿಂದ ಮೂಲ ಫೋಟೊ ಪಡೆಯಬೇಕು, ಆ ಹೊಲವನ್ನು ಕಣ್ಣಾರೆ ಕಾಣಬೇಕು, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣಾ ವರದಿ ಕೇಳಬೇಕು. ಉತ್ತರಕ್ಕೆ 30 ದಿನಗಳ ಗಡುವಿದೆ. ಅಷ್ಟು ತಾಳ್ಮೆ ಅಗತ್ಯ.

ಇದಕ್ಕೂ ಮಿಗಿಲಾದ ಹೊಣೆ ಮತ್ತೊಂದಿದೆ. ಧೂಳಿನ ಬಗ್ಗೆ ಬರೆದವನು ಅದೇ ಕಾರ್ಖಾನೆಯ ದಿನಗೂಲಿಯಾಗಿರಬಹುದು. ಅವನ ಹೆಸರು, ಮೊಬೈಲ್ ಸಂಖ್ಯೆ ಬಯಲಾದರೆ ವಿದ್ಯಾರ್ಥಿಗೆ ವರದಿಯಿಂದ ಅಂಕ ದೊರೆತೀತು, ಅವನಿಗೆ ಮರುದಿನದ ಕೂಲಿ ತಪ್ಪೀತು. ಮೊದಲು ಅವನ ಒಪ್ಪಿಗೆ, ಅನಂತರ ವರದಿ: ಈ ಪಾಠವನ್ನು ಕಾಲೇಜುಗಳು ಮೊದಲ ದಿನವೇ ಕಲಿಸಲಿ.