ಹಿಟ್ಟಿನ ಕೋಳಿ ಮತ್ತು ಕಾಗದದ ಗುರಿ

ಶ್ರಾವಕನ ಮನೆಯಲ್ಲಿ ಕೋವಿಗೆ ಸ್ಥಾನವುಂಟೇ ಎಂಬುದು ಹಿಂದಿನ ತಲೆಮಾರಿನಲ್ಲಿ ಚರ್ಚೆಗೆ ಬರುವ ವಿಷಯವಾಗಿರಲಿಲ್ಲ. ಇಂದು ಅದನ್ನು ಚರ್ಚಿಸಬೇಕಾಗಿ ಬಂದಿದೆ. ಇಂಗ್ಲೆಂಡು, ಅಮೆರಿಕ ಮೊದಲಾದ ದೇಶಗಳಲ್ಲಿ ದೂರಗುರಿಯ ರೈಫಲ್ ಅಭ್ಯಾಸವು ಸಭ್ಯರ ಹವ್ಯಾಸವೆಂಬ ಮನ್ನಣೆ ಪಡೆದಿದೆ. ಅಲ್ಲಿ ನೆಲೆಸಿದ ಜೈನ ಕುಟುಂಬಗಳ ಮಕ್ಕಳು ಸಹಪಾಠಿಗಳೊಡನೆ ಬೆರೆತು ಬೆಳೆಯುವವರು. ಅವರಲ್ಲೊಬ್ಬನು ಈ ವಿದ್ಯೆಯನ್ನು ಕಲಿಯಬೇಕೆಂದು ಬಯಸಿ, “ಕಾಗದದ ಮೇಲೆ ಬರೆದ ವೃತ್ತಕ್ಕೆ ಹೊಡೆಯುವುದರಲ್ಲಿ ಹಿಂಸೆ ಎಲ್ಲಿದೆ? ಕಾಗದಕ್ಕೆ ಪ್ರಾಣವಿದೆಯೇ?” ಎಂದು ತಾಯಿತಂದೆಗಳನ್ನು ಕೇಳಿದರೆ ಬಹುತೇಕ ಹಿರಿಯರು ನಿರುತ್ತರರಾಗುತ್ತಾರೆ. ಉತ್ತರವು ಇಲ್ಲವೆಂದಲ್ಲ, ಎಂಟು ಶತಮಾನಗಳ ಹಿಂದೆಯೇ ಕನ್ನಡದ ಜೈನಕವಿಯೊಬ್ಬನು ಅದನ್ನು ಹೇಳಿದ್ದಾನೆ. ಅದು ಮರೆತುಹೋಗಿದೆ ಅಷ್ಟೆ.

ಯಾವ ಮತವನ್ನಾದರೂ ಖಂಡಿಸುವ ಮುನ್ನ ಅದರ ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ಅರಿಯುವುದು ಅನೇಕಾಂತವಾದಿಗಳ ಕರ್ತವ್ಯ. ದೂರಗುರಿಯ ವಿದ್ಯೆಯು ಕೇವಲ ಒರಟು ಸಾಹಸವಲ್ಲ; ಅದರಲ್ಲಿ ಗಣಿತವಿದೆ, ಭೌತಶಾಸ್ತ್ರವಿದೆ, ದೀರ್ಘಕಾಲದ ಶಿಸ್ತು ಇದೆ. ಅದಕ್ಕೆ ಬೇಕಾದ ಉಪಕರಣಗಳ ಪಟ್ಟಿಯೇ ದೊಡ್ಡದು. ನಿಖರವಾದ ಕೊಳವೆಯುಳ್ಳ ರೈಫಲ್, ಅದರ ಮೇಲೆ ದೂರದರ್ಶಕ, ಮುಂಭಾಗಕ್ಕೆ ಎರಡು ಕಾಲುಗಳ ಆಸರೆ, ಹಿಂಭಾಗಕ್ಕೆ ಮರಳು ತುಂಬಿದ ಚೀಲ, ದೂರವನ್ನು ಅಳೆಯುವ ಲೇಸರ್ ಯಂತ್ರ, ಗಾಳಿಯ ವೇಗವನ್ನು ತೋರಿಸುವ ಮಾಪಕ, ಗುಂಡಿನ ವೇಗವನ್ನು ಅಳೆಯುವ ಮಾಪಕ, ಇವೆಲ್ಲದರ ಲೆಕ್ಕವನ್ನು ಕೂಡಿಸಿ ಹೇಳುವ ಗಣಕ, ಹೊಡೆದ ಪ್ರತಿಯೊಂದು ಗುಂಡಿನ ವಿವರವನ್ನು ಬರೆದಿಡುವ ದಿನಚರಿ. ವ್ಯಾಪಾರಿಯು ತನ್ನ ಖಾತೆಯನ್ನು ಇಡುವಷ್ಟೇ ಶ್ರದ್ಧೆಯಿಂದ ಈ ದಿನಚರಿಯನ್ನು ಇಡಬೇಕಾಗುತ್ತದೆ.

ಇದರ ಲೆಕ್ಕವೂ ಸೂಕ್ಷ್ಮವಾದುದು. ಕೋನದ ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಬರುವ ಒಂದು ಭಾಗವು 100 ಗಜಗಳ ದೂರದಲ್ಲಿ ಸುಮಾರು ಒಂದು ಅಂಗುಲವಾಗಿ, 1000 ಗಜಗಳ ದೂರದಲ್ಲಿ ಹತ್ತು ಅಂಗುಲಗಳಿಗೂ ಮಿಗಿಲಾಗಿ ಹರಡುತ್ತದೆ. ಕೈಯಲ್ಲಿ ಕೂದಲೆಳೆಯಷ್ಟು ಆದ ತಪ್ಪು ಅಲ್ಲಿ ಮೊಳದಷ್ಟಾಗುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ .308 ವಿಂಚೆಸ್ಟರ್ ಗುಂಡು 1000 ಗಜಗಳನ್ನು ತಲುಪಲು ಒಂದೂವರೆ ಸೆಕೆಂಡಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಗಂಟೆಗೆ 16 ಕಿಲೋಮೀಟರ್ ವೇಗದಿಂದ ಅಡ್ಡಲಾಗಿ ಬೀಸುವ ಗಾಳಿಯು ಅದನ್ನು ಎರಡು ಮೀಟರಿಗೂ ಹೆಚ್ಚು ಪಕ್ಕಕ್ಕೆ ತಳ್ಳಬಲ್ಲದು. ಆದುದರಿಂದ ಕಲಿಯುವವನು ಹುಲ್ಲಿನ ಓಲಾಟವನ್ನೂ, ಕಾದ ನೆಲದ ಮೇಲಿನ ಬಿಸಿಲ್ಗುದುರೆಯ ಹರಿವನ್ನೂ ನೋಡಿ ಗಾಳಿಯನ್ನು ಓದಲು ಕಲಿಯುತ್ತಾನೆ. ದೇಹವನ್ನು ಅಲುಗದಂತೆ ನೆಲೆಗೊಳಿಸಿ, ಉಸಿರನ್ನು ಹೊರಬಿಟ್ಟು, ಅದರ ಸಹಜ ವಿರಾಮದಲ್ಲಿ ಕುದುರೆಯನ್ನು ಮೆಲ್ಲಗೆ ಒತ್ತಲು ಅಭ್ಯಸಿಸುತ್ತಾನೆ. ಗುಂಡಿಲ್ಲದ ಖಾಲಿ ಕೋವಿಯಿಂದಲೇ ಈ ಒತ್ತುವಿಕೆಯನ್ನು ಸಾವಿರಾರು ಸಲ ಆವರ್ತನೆ ಮಾಡುವುದುಂಟು.

ಇಷ್ಟು ಪರಿಶ್ರಮದ ವಿದ್ಯೆಯು ಹುಟ್ಟಿದ್ದು ಏತಕ್ಕೆ? ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಘವು 1859ರಲ್ಲಿ ಸ್ಥಾಪಿತವಾದುದು ದೇಶರಕ್ಷಣೆಯ ಸ್ವಯಂಸೇವಕರಿಗೆ ಗುರಿ ಕಲಿಸುವುದಕ್ಕಾಗಿ. 1860ರಲ್ಲಿ ವಿಂಬಲ್ಡನ್ನಿನಲ್ಲಿ ನಡೆದ ಅದರ ಮೊದಲ ಕೂಟವನ್ನು ವಿಕ್ಟೋರಿಯಾ ರಾಣಿಯೇ ಗುಂಡು ಹಾರಿಸಿ ಉದ್ಘಾಟಿಸಿದಳು. 1890ರಲ್ಲಿ ಅದು ಬಿಸ್ಲಿಗೆ ಸ್ಥಳಾಂತರವಾಯಿತು. ಅಮೆರಿಕದ ಸಂಘವು 1871ರಲ್ಲಿ ಹುಟ್ಟಿದ್ದೂ ಅಂತರ್ಯುದ್ಧದಲ್ಲಿ ಕಂಡುಬಂದ ಸೈನಿಕರ ಗುರಿಹೀನತೆಯನ್ನು ನೀಗಲೆಂದೇ. ದೂರದಿಂದ ಅಡಗಿ ಹೊಡೆಯುವವನಿಗೆ ಆಂಗ್ಲರು ಇಟ್ಟ ‘ಸ್ನೈಪರ್’ ಎಂಬ ಹೆಸರು ಹದಿನೆಂಟನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಬೇಟೆಯಿಂದ ಬಂದುದು. ಸ್ನೈಪ್ ಎಂಬುದು ಕೆಸರುನೆಲದಲ್ಲಿ ಹುಳುಗಳನ್ನು ಹೆಕ್ಕಿ ಬದುಕುವ ಒಂದು ಪುಟ್ಟ ಹಕ್ಕಿ. ಅದನ್ನು ವಿನೋದಕ್ಕಾಗಿ ಹೊಡೆದವರ ಕೌಶಲವೇ ಮುಂದೆ ಮನುಷ್ಯನನ್ನು ಹೊಡೆಯುವವನ ಬಿರುದಾಯಿತು. ಹೀಗೆ ಈ ವಿದ್ಯೆಗೆ ಎರಡು ಬೇರುಗಳು: ಒಂದು ಯುದ್ಧ, ಇನ್ನೊಂದು ಬೇಟೆ. ಕಾಗದವು ನಡುವೆ ಬಂದು ನಿಂತ ಪ್ರತಿನಿಧಿ ಮಾತ್ರ.

ಪ್ರತಿನಿಧಿಯನ್ನು ಹೊಡೆದರೆ ದೋಷವಿಲ್ಲವೆಂಬ ವಾದಕ್ಕೆ ಉತ್ತರವು ಜನ್ನನ ಯಶೋಧರ ಚರಿತೆಯಲ್ಲಿದೆ. 1209ರಲ್ಲಿ ರಚಿತವಾದ ಈ ಕಾವ್ಯದ ಕಥೆ ಜೈನ ಮನೆಗಳಿಗೆ ಹೊಸದಲ್ಲ. ಯಶೋಧರನು ಜೀವಬಲಿಗೆ ಒಪ್ಪಲಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿಗೊಟ್ಟನು. ಹಿಟ್ಟಿಗೆ ಪ್ರಾಣವಿರಲಿಲ್ಲ; ರಕ್ತ ಹರಿಯಲಿಲ್ಲ. ಆದರೂ ತಾಯಿಮಕ್ಕಳಿಬ್ಬರೂ ತಿರ್ಯಗ್ಗತಿಯಲ್ಲಿ ಜನ್ಮಜನ್ಮಾಂತರ ತೊಳಲಿದರು. ಕತ್ತಿ ಎತ್ತಿದ ಕೈಯಲ್ಲಿ ಕೊಲ್ಲುವ ಸಂಕಲ್ಪವಿತ್ತು. ಆಸ್ರವಕ್ಕೆ ಅದು ಸಾಕಾಯಿತು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಮತ್ತಯೋಗವನ್ನು ಮುಂದಿಟ್ಟಿರುವುದೂ ಇದೇ ಕಾರಣಕ್ಕೆ.

ಅದೇ ಕಥೆಯ ಕೊನೆಯ ಭಾಗವು ದೂರಗುರಿಯವರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಆ ಇಬ್ಬರೂ ಕೋಳಿಗಳಾಗಿ ಹುಟ್ಟಿ, ಮುನಿಗಳ ಉಪದೇಶ ಕೇಳಿ, ವ್ರತ ತಳೆದು ಹರ್ಷದಿಂದ ಕೂಗಿದಾಗ, ಯಶೋಧರನ ಮಗನೇ ಆದ ಯಶೋಮತಿ ರಾಜನು ಆ ಸದ್ದನ್ನು ಕೇಳಿದನು. ತನ್ನ ಶಬ್ದವೇಧಿ ವಿದ್ಯೆಯನ್ನು ರಾಣಿಗೆ ತೋರಿಸುವ ಉತ್ಸಾಹದಿಂದ, ಗುರಿಯನ್ನು ನೋಡದೆಯೇ ಬಾಣ ಬಿಟ್ಟನು. ಅವನಿಗೆ ಆ ಕೋಳಿಗಳ ಮೇಲೆ ದ್ವೇಷವಿರಲಿಲ್ಲ, ಹಸಿವಿರಲಿಲ್ಲ, ರಾಜ್ಯಕ್ಕೆ ಅವುಗಳಿಂದ ಭಯವಿರಲಿಲ್ಲ. ಕೌಶಲವನ್ನು ಮೆರೆಸುವ ಸಂತೋಷವೊಂದೇ ಇದ್ದಿತು. ಆ ಸಂತೋಷಕ್ಕೆ ಬಲಿಯಾದವರು ಅವನ ತಂದೆ ಮತ್ತು ಅಜ್ಜಿ. ದೂರದಲ್ಲಿರುವ ಗುರಿಯು ಯಾವ ಜೀವದ ಬಂಧುವೆಂದು ಹೊಡೆಯುವವನಿಗೆ ತಿಳಿಯುವುದಿಲ್ಲ. ದೂರವು ಹೆಚ್ಚಿದಷ್ಟೂ ಗುರಿಯ ಮುಖ ಮರೆಯಾಗುತ್ತದೆ. ಅಳತೆ ಮಾತ್ರ ಉಳಿಯುತ್ತದೆ.

ಇದಕ್ಕೆ ಎದುರಾಗಿ ಭರತ-ಬಾಹುಬಲಿಯರ ಪ್ರಸಂಗವನ್ನು ನೆನೆಯಬೇಕು. ಎರಡು ಸೇನೆಗಳ ಸಂಹಾರವನ್ನು ತಪ್ಪಿಸಲು ಮಂತ್ರಿಗಳು ಧರ್ಮಯುದ್ಧವನ್ನು ಸೂಚಿಸಿದರು. ಅದರಲ್ಲಿ ಮೊದಲನೆಯದು ದೃಷ್ಟಿಯುದ್ಧ. ಅಣ್ಣತಮ್ಮಂದಿರು ಒಬ್ಬರ ಕಣ್ಣನ್ನೊಬ್ಬರು ನೋಡುತ್ತ ನಿಂತರು. ಆಮೇಲೆ ಜಲಯುದ್ಧ, ಮಲ್ಲಯುದ್ಧ. ಮೂರರಲ್ಲಿಯೂ ಎದುರಾಳಿಯ ಮುಖವು ಮರೆಯಾಗಲಿಲ್ಲ. ಭರತನು ಮುಖಾಮುಖಿಯ ನೀತಿಯನ್ನು ಬಿಟ್ಟು ಚಕ್ರರತ್ನವನ್ನು ಪ್ರಯೋಗಿಸಿದಾಗ ಸೋತವನು ಭರತನೇ. ಜಗತ್ತಿನ ನಶ್ವರತೆಯನ್ನು ಕಂಡು ಕಾಯೋತ್ಸರ್ಗಕ್ಕೆ ನಿಂತವನು ಬಾಹುಬಲಿ. ಒಬ್ಬರ ಕಣ್ಣನ್ನೊಬ್ಬರು ನೋಡುವ ದೃಷ್ಟಿಗೂ, ತಾನು ಕಾಣಿಸಿಕೊಳ್ಳದೆ ಮತ್ತೊಬ್ಬರನ್ನು ಕಾಣುವ ದೂರದರ್ಶಕದ ದೃಷ್ಟಿಗೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ಎರಡನೆಯ ವಾದವು ಏಕಾಗ್ರತೆಯದು. ಈ ಅಭ್ಯಾಸದಿಂದ ಮನಸ್ಸು ನಿಲ್ಲುತ್ತದೆ, ಉಸಿರು ಹತೋಟಿಗೆ ಬರುತ್ತದೆ; ಆದುದರಿಂದ ಇದೂ ಒಂದು ಬಗೆಯ ಸಾಮಾಯಿಕವೆಂದು ವಾದಿಸುವವರಿದ್ದಾರೆ. ಮನಸ್ಸು ನಿಲ್ಲುತ್ತದೆಂಬುದು ನಿಜ. ಆದರೆ ಜೈನ ಶಾಸ್ತ್ರವು ಏಕಾಗ್ರತೆಯನ್ನು ಮಾತ್ರ ಕಂಡು ಮೆಚ್ಚುವುದಿಲ್ಲ. ಆರ್ತ, ರೌದ್ರ, ಧರ್ಮ್ಯ, ಶುಕ್ಲವೆಂದು ಧ್ಯಾನವು ನಾಲ್ಕು ಬಗೆ. ಮೊದಲಿನೆರಡೂ ಸಂಸಾರಕ್ಕೆ ಕಾರಣವಾದವು. ಕೊಕ್ಕರೆಯೂ ಒಂಟಿಕಾಲಿನಲ್ಲಿ ಅಲುಗದೆ ನಿಲ್ಲುತ್ತದೆ; ಮೀನಿನ ಮೇಲೆ ಅದಕ್ಕೆ ಪೂರ್ಣ ಏಕಾಗ್ರತೆಯಿದೆ. ದೂರಗುರಿಯವನ ಎಚ್ಚರವು ಗಾಳಿಯ ಮೇಲಿದೆ, ದೂರದ ಮೇಲಿದೆ, ಬೆರಳಿನ ಮೇಲಿದೆ, ಜೀವದ ಮೇಲಿಲ್ಲ. ಗುಂಡು ಹಾರಿದ ಕ್ಷಣವು ಹೊಡೆದವನಿಗೇ ಅನಿರೀಕ್ಷಿತವಾಗಿರಬೇಕೆಂದು ಶಿಕ್ಷಕರು ಕಲಿಸುತ್ತಾರೆ. ಸಂಕಲ್ಪಕ್ಕೂ ಕ್ರಿಯೆಗೂ ನಡುವಿನ ತಡೆಯನ್ನು ಅಳಿಸುವುದೇ ಈ ಶಿಕ್ಷಣದ ಗುರಿ. ಹೆಜ್ಜೆಯಿಡುವ ಮೊದಲು ನೆಲವನ್ನು ನೋಡೆಂದು ಹೇಳುವ ಈರ್ಯಾಸಮಿತಿಯು ಕಲಿಸುವುದು ಇದಕ್ಕೆ ತೀರ ವಿರುದ್ಧವಾದುದನ್ನು.

ಮೂರನೆಯ ವಾದವು ಚರಿತ್ರೆಯನ್ನು ಆಶ್ರಯಿಸುತ್ತದೆ. ಗೊಮ್ಮಟೇಶ್ವರನ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಗಂಗರ ದಂಡನಾಯಕನಲ್ಲವೇ? ಅವನು ಆಯುಧ ಹಿಡಿಯಲಿಲ್ಲವೇ? ಹಿಡಿದನು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಆಚಾರಗ್ರಂಥಗಳು ವಿಂಗಡಿಸಿರುವುದು ಇಂತಹವರನ್ನು ಗಮನದಲ್ಲಿಟ್ಟೇ. ನಾಡಿನ ರಕ್ಷಣೆಗೆ ನಿಂತ ಸೈನಿಕನದು ವಿರೋಧೀ ಹಿಂಸೆ. ಶ್ರಾವಕನು ಅದನ್ನು ಪೂರ್ಣವಾಗಿ ತ್ಯಜಿಸಲಾರ. ಇಂದು ಸೇನೆಯಲ್ಲಿರುವ ಜೈನ ಯುವಕನು ರೈಫಲ್ ವಿದ್ಯೆ ಕಲಿತರೆ ಸಮಾಜವು ಅವನನ್ನು ದೂರುವಂತಿಲ್ಲ. ಆದರೆ ಆ ಸೈನಿಕನ ಅನಿವಾರ್ಯತೆಯನ್ನು ಹವ್ಯಾಸಿಯು ತನ್ನ ವಿನೋದಕ್ಕೆ ಸಾಲ ತೆಗೆದುಕೊಳ್ಳುವಂತಿಲ್ಲ. ಪ್ರಯೋಜನವಿಲ್ಲದೆ ಮಾಡುವ ಪಾಪಕಾರ್ಯಕ್ಕೆ ಅನರ್ಥದಂಡವೆಂದು ಹೆಸರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅದನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದಾಗಿ ಎಣಿಸಿದೆ. ವಿನೋದಕ್ಕಾಗಿ ನಡೆಯುವ ದೂರಗುರಿಯ ಅಭ್ಯಾಸದಲ್ಲಿ ಕೊಲ್ಲುವ ಕಲೆಯನ್ನು ಬೋಧಿಸುವವನಿಗೆ ಮೊದಲನೆಯದು, ಆಯುಧ ಒದಗಿಸುವವನಿಗೆ ಎರಡನೆಯದು, ಅದನ್ನೇ ಮನನ ಮಾಡುವವನಿಗೆ ಮೂರನೆಯದು ಅಂಟುತ್ತದೆ. ಒಂದೇ ಹವ್ಯಾಸದಲ್ಲಿ ಇಷ್ಟು ಖಾತೆಗಳು ತೆರೆದುಕೊಳ್ಳುವುದಾದರೆ ಜಮೆಯ ಕಡೆ ಏನನ್ನು ಬರೆಯುವುದು?

ಕಾಗದದ ಹೊರತು ಬೇರಾವುದಕ್ಕೂ ಗುಂಡು ತಗಲುವುದಿಲ್ಲವೆಂಬ ಮಾತೂ ಪೂರ್ಣಸತ್ಯವಲ್ಲ. ಸಾಮಾನ್ಯ ಗುಂಡಿನ ಒಡಲು ಸೀಸ. ಗುರಿಯ ಹಿಂದಿನ ಮಣ್ಣಿನ ದಿಬ್ಬದಲ್ಲಿ ಆ ವಿಷಲೋಹವು ವರ್ಷವರ್ಷವೂ ಶೇಖರವಾಗುತ್ತದೆ. ರೈಫಲಿನ ಸದ್ದು 140 ಡೆಸಿಬೆಲ್ಲುಗಳನ್ನು ಮೀರುವಂಥದು. ಹೊಡೆಯುವವರು ತಮ್ಮ ಕಿವಿಗಳನ್ನು ಮುಚ್ಚಿಕೊಳ್ಳುತ್ತಾರೆ, ಸುತ್ತಲಿನ ಪ್ರಾಣಿಪಕ್ಷಿಗಳಿಗೆ ಆ ಅನುಕೂಲವಿಲ್ಲ. ಇದೇ ವಿದ್ಯೆಯು ಬೇಟೆಗೆ ಹೊರಳಿದಾಗ ಏನಾಗುತ್ತದೆಂಬುದಕ್ಕೆ ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ಮಹಾಗೃಧ್ರಗಳೇ ಸಾಕ್ಷಿ. 1982ರಲ್ಲಿ ಅವುಗಳ ಸಂಖ್ಯೆ 22ಕ್ಕೆ ಇಳಿದಿತ್ತು. ಬೇಟೆಗಾರರು ಬಿಟ್ಟುಹೋದ ಕಳೇಬರಗಳಲ್ಲಿನ ಸೀಸದ ಚೂರುಗಳನ್ನು ತಿಂದು ಅವು ಸಾಯುತ್ತಿರುವುದನ್ನು ಕಂಡು ಆ ರಾಜ್ಯವು 2013ರಲ್ಲಿ ಕಾನೂನು ಮಾಡಿ, 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡುಗಳನ್ನು ಸಂಪೂರ್ಣವಾಗಿ ನಿಷೇಧಿಸಬೇಕಾಯಿತು. ಹೊಡೆದವನು ಗುರಿಯಿಡದ ಹಕ್ಕಿಯೂ ಅವನ ಗುಂಡಿನಿಂದಲೇ ಸತ್ತಿತು.

ಒಲಿಂಪಿಕ್ ಕ್ರೀಡೆಗಳ ಹೆಸರನ್ನು ಎತ್ತುವವರಿಗೂ ಒಂದು ಮಾತು. 1900ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ಜೀವಂತ ಪಾರಿವಾಳಗಳನ್ನೇ ಹಾರಿಸಿ ಹೊಡೆದರು. ಜಗತ್ತು ಅದನ್ನು ನೋಡಿ ಹೇಸಿತು. ಆ ಸ್ಪರ್ಧೆ ಮತ್ತೆ ನಡೆಯಲಿಲ್ಲ. 300 ಮೀಟರುಗಳ ರೈಫಲ್ ಸ್ಪರ್ಧೆಯೂ 1972ರ ನಂತರ ಒಲಿಂಪಿಕ್ಸ್‌ನಲ್ಲಿ ಉಳಿದಿಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದುದು 10 ಮೀಟರುಗಳ ಏರ್ ರೈಫಲಿನಲ್ಲಿ. ಅದಕ್ಕೂ, ಸಾವಿರ ಗಜಗಳಾಚೆ ಪ್ರಾಣ ತೆಗೆಯಬಲ್ಲ ಆಯುಧಕ್ಕೂ ತಾರತಮ್ಯವುಂಟು, ಅದನ್ನು ಒಪ್ಪಬೇಕು. ಅಣುವ್ರತಿಯು ಅದರಲ್ಲಿಯೂ ತನ್ನ ಪರಿಣಾಮವನ್ನು ಪರೀಕ್ಷಿಸಿಕೊಳ್ಳಲಿ. ಆದರೆ ಅದರ ಮರ್ಯಾದೆಯನ್ನು ಈ ಇನ್ನೊಂದಕ್ಕೆ ಹೊದಿಸುವುದು ಸರಿಯಲ್ಲ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯು ಕೋವಿಗೆ ಪರವಾನಗಿಯನ್ನು ಕೇಳುತ್ತದೆ. 2019ರ ತಿದ್ದುಪಡಿಯು ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ರಾಜಶಾಸನವು ಸಂಖ್ಯೆಯನ್ನು ಕೇಳಿದರೆ ಧರ್ಮಶಾಸನವು ಪ್ರಯೋಜನವನ್ನು ಕೇಳುತ್ತದೆ. ಪರವಾನಗಿ ಇದ್ದ ಮಾತ್ರಕ್ಕೆ ಅನರ್ಥದಂಡವು ತಪ್ಪುವುದಿಲ್ಲ.

ಆದುದರಿಂದ ಬಸದಿಗಳ ಟ್ರಸ್ಟುಗಳು ಈ ವಿಷಯದಲ್ಲಿ ಸ್ಪಷ್ಟ ನಿರ್ಣಯವನ್ನು ಕೈಗೊಳ್ಳಬೇಕು. ಟ್ರಸ್ಟಿನ ಜಮೀನನ್ನು ಗುಂಡಿನ ಅಭ್ಯಾಸಕ್ಕೆ ಬಾಡಿಗೆಗೆ ಕೊಡಕೂಡದು. ಬಾಡಿಗೆಯ ಹಣದಿಂದ ಅಭಿಷೇಕ ಮಾಡಿಸಿದರೂ ಹಿಂಸಾದಾನವು ದಾನವಾಗದು. ಯುವಶಿಬಿರಗಳಲ್ಲಿ ಇದನ್ನು ಸಾಹಸಕ್ರೀಡೆಯೆಂದು ಸೇರಿಸಕೂಡದು. ಜೈನ ವ್ಯಾಪಾರಿಯು ಇದರ ಉಪಕರಣಗಳ ಮಾರಾಟದಲ್ಲಿ ಲಾಭವನ್ನು ಕಂಡರೂ ಕೈಹಾಕಬಾರದು. ಮನೆಯ ಹಿರಿಯರು ಮಕ್ಕಳನ್ನು ಗದರಿಸಿ ಬಾಯಿ ಮುಚ್ಚಿಸದೆ, ಯಶೋಮತಿಯ ಬಾಣದ ಕಥೆಯನ್ನು ಅವರಿಗೆ ಪೂರ್ತಿಯಾಗಿ ಹೇಳಬೇಕು.

ಗಾಳಿಯನ್ನು ಓದುವ, ದೂರವನ್ನು ಅಳೆಯುವ, ಉಸಿರು ಹಿಡಿದು ಕಾಯುವ ಆಸೆಯು ಮಕ್ಕಳಲ್ಲಿ ಇದ್ದರೆ ಅದನ್ನು ಕೊಲ್ಲಬೇಕಾಗಿಲ್ಲ. ಗುರಿಕಾರರು ದೂರದ ಗುರಿಯನ್ನು ನೋಡಲು ಬಳಸುವ ದೂರದರ್ಶಕವೇ ಪಕ್ಷಿವೀಕ್ಷಕರ ಉಪಕರಣವೂ ಹೌದು. ಅದನ್ನು ಕೊಂಡು ಮಗುವಿನ ಕೈಗೆ ಕೊಟ್ಟು, ನಸುಕಿನಲ್ಲಿ ಕೆರೆಯಂಚಿಗೆ ಕರೆದೊಯ್ಯಲಿ. ಆ ಪುಟ್ಟ ಸ್ನೈಪ್ ಹಕ್ಕಿ ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೂ ವಲಸೆ ಬರುತ್ತದೆ. ಅದು ಕೆಸರಿನಲ್ಲಿ ಕೊಕ್ಕನ್ನಿಳಿಸಿ ಮೇಯುವುದನ್ನು ಮಗುವು ಅಲುಗದೆ ನೋಡಿ, ಅದನ್ನು ಅಲ್ಲಿಯೇ ಬಿಟ್ಟು ಮನೆಗೆ ಬರಲಿ.