ಗಗನಚುಕ್ಕಿಗೆ ಇನ್ನೆಷ್ಟು ಎತ್ತರ ಬೇಕು?

ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಮಂಡ್ಯ ಜಿಲ್ಲೆಗೆ ಎತ್ತರದ ಹುಚ್ಚು ಹಿಡಿಯುತ್ತದೆ. 2018ರಲ್ಲಿ ಕೆ.ಆರ್.ಎಸ್. ಬಳಿ 125 ಅಡಿಯ ಕಾವೇರಿ ಪ್ರತಿಮೆ, ಗಾಜಿನ ಗೋಪುರಗಳ ಯೋಜನೆ ಪ್ರಕಟವಾಗಿತ್ತು. ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಯಲ್ಲಿ ವೀಕ್ಷಣಾ ಗೋಪುರ ಈಗಾಗಲೇ ಇದೆ. ಅದೂ ಸಾಲದು, ಇನ್ನೂ ಎತ್ತರದ್ದು ಬೇಕು ಎನ್ನುವವರೊಂದಿಗೆ ನನ್ನ ತಕರಾರು.

ಅಲ್ಲಿ ನಾವು ನಿಲ್ಲುವ ಜಾಗವೇ ಕಣಿವೆಯ ಅಂಚು; ಕಾವೇರಿ ಎದುರಿಗೇ ಧುಮುಕುತ್ತಾಳೆ. ಇನ್ನೂ ಮೇಲೇರಿದರೆ ಬಂಡೆ ಚಿಕ್ಕದಾಗಿ ಕಂಡೀತು, ಅಷ್ಟೇ.

ಬೇಸಿಗೆಯಲ್ಲಿ ಬಂದವರು ‘ನೀರೇ ಇಲ್ಲ’ ಎಂದು ಗೊಣಗುತ್ತಾ ಮರಳುತ್ತಾರೆ. ಆದರೆ ನೀರಿಳಿದಾಗಲೇ ಬಂಡೆ ಓದಲು ಸಿಗುವುದು: 200 ಕೋಟಿ ವರ್ಷಗಳಿಗೂ ಹಳೆಯ ಕಲ್ಲು, ಅದರಲ್ಲಿ ಹೊಳೆ ಸವೆಸಿದ ಕೊರಕಲು, ಬಿರುಕಿನ ಗುಂಟ ಹಿಡಿದ ದಾರಿ. ಇದನ್ನು ನೋಡಲು ಹತ್ತಿರ ಹೋಗಬೇಕು, ಮೇಲಕ್ಕಲ್ಲ.

ಕಟ್ಟಲೇಬೇಕಿದ್ದರೆ ವಯಸ್ಸಾದವರೂ ಇಳಿಯಬಹುದಾದ ಇಳಿಜಾರು ದಾರಿ, ಗಟ್ಟಿ ಕಂಬಿ, ಕೂರಲು ನೆರಳು ಕಟ್ಟಿ. ಕಲ್ಲಿನ ಕಥೆ ಹೇಳುವ ಒಂದು ಕನ್ನಡ ಫಲಕ ನೆಡಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅಂದಿನಿಂದ ಹೊಳೆಯ ನೀರಿನ ಪಾಲೊಂದು ಯಂತ್ರಗಳಿಗೆ ತಿರುಗುತ್ತಿದೆ. ಅದನ್ನೂ ಆ ಫಲಕದಲ್ಲಿ ಬರೆಯಿರಿ. ಬೇಸಿಗೆಯಲ್ಲಿ ಬಂದವರು ಕೇಳುವ ಮೊದಲ ಪ್ರಶ್ನೆಯೇ ಅದು.