ತುಕ್ಕು ಹಿಡಿದಿದ್ದಕ್ಕೆ ಕಬ್ಬಿಣವನ್ನು ಬೈಯಬೇಡಿ

ಕೆರಗೋಡು ಕಡೆ ಹಳ್ಳಿಗಳಲ್ಲಿ ಸುಮ್ಮನೆ ತಲೆ ಎತ್ತಿ ನೋಡಿ. ಮೋಲ್ಡ್ ಹಾಕಿ ಇಪ್ಪತ್ತು ವರ್ಷ ಆಗಿರಲ್ಲ, ಸಜ್ಜಾದ ಗಾರೆ ಉದುರಿ ಕಂಬಿ ಇಣುಕುತ್ತಿರುತ್ತದೆ. ಕೇಳಿದರೆ ಒಂದೇ ಮಾತು: ‘ಈಗಿನ ಕಬ್ಬಿಣ ಸರಿ ಇಲ್ಲ, ಹಿಂದಿನ ಕಾಲದ್ದೇ ಬೇರೆ.’ ಕಂಟ್ರಾಕ್ಟರೂ ಇದನ್ನೇ ಹೇಳುತ್ತಾರೆ, ಅವರಿಗದು ಅನುಕೂಲ. ನಾವು ಒಪ್ಪುವುದಿಲ್ಲ.

ದೆಹಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷದಿಂದ ನಿಂತಿದೆ, ನಿಜ. ನಮ್ಮ ಕೊಡಚಾದ್ರಿಯ ಕಂಬ ಅಷ್ಟೊಂದು ಮಳೆ ತಡೆದುಕೊಂಡಿದೆ, ಅದೂ ನಿಜ. ದೆಹಲಿಯದರಲ್ಲಿ ರಂಜಕ ಹೆಚ್ಚು. ಅದರಿಂದ ಮೈಮೇಲೆ ತೆಳ್ಳನೆ ಪದರ ಕೂತು ಒಳಗಿನದನ್ನು ಕಾಯುತ್ತಿದೆ. ಹಾಗಂತ ಹಳೆಯದೆಲ್ಲ ಗಟ್ಟಿಯೇ? ಹಿತ್ತಲಲ್ಲಿ ಬಿದ್ದಿರುವ ತಾತನ ಕಾಲದ ನೇಗಿಲ ಗುಳ ಹೋಗಿ ನೋಡಿ.

ಬರಿಗಬ್ಬಿಣಕ್ಕೆ ನೀರು, ಗಾಳಿ ಎರಡೂ ತಾಗಿದರೆ ತುಕ್ಕು ಬಂದೇ ಬರುತ್ತದೆ. ಅಲ್ಯೂಮಿನಿಯಂ ಪಾತ್ರೆಗೂ ಗಾಳಿ ತಾಗುತ್ತದೆ, ಆದರೆ ಅದರ ಮೇಲೆ ಕಟ್ಟುವ ಪೊರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸ್ಟೀಲ್ ಲೋಟದಲ್ಲಿ ಕ್ರೋಮಿಯಂನಿಂದ ಅಂಥದೇ ಪೊರೆ. ಕಬ್ಬಿಣದ ತುಕ್ಕು ಮಾತ್ರ ಉದುರುತ್ತಾ ಹೋಗುತ್ತದೆ, ಕೆಳಗಿನ ಕಬ್ಬಿಣ ಮತ್ತೆ ಬಯಲಾಗುತ್ತದೆ.

ಮೋಲ್ಡ್ ಒಳಗಿನ ಕಂಬಿಗೆ ಪೊರೆ ಕೊಡುವುದು ಸಿಮೆಂಟಿನ ಕ್ಷಾರ. ಗಾಳಿಯ ಇಂಗಾಲದ ಡೈಆಕ್ಸೈಡ್ ಮೆಲ್ಲಗೆ ಕಾಂಕ್ರೀಟ್ ಒಳಗೆ ಇಳಿದು ಆ ಕ್ಷಾರವನ್ನು ತಿನ್ನುತ್ತಾ ಬರುತ್ತದೆ. ಅದು ಕಂಬಿ ಮುಟ್ಟಿದ ಮೇಲೆ ತೇವ ಸಿಕ್ಕರೆ ಮುಗಿಯಿತು. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಟಿಎಂಟಿ ಕಂಬಿಯಾದರೂ ಇದು ತಪ್ಪಿದ್ದಲ್ಲ, ಜಾಹೀರಾತು ಏನೇ ಹೇಳಲಿ.

ಹಾಗಾಗಿ ನೋಡಬೇಕಾದದ್ದು ಕಂಬಿಯ ಸುತ್ತ ಕಾಂಕ್ರೀಟ್ ಎಷ್ಟು ದಪ್ಪ ಇದೆ ಎಂದು. ಐಎಸ್ 456 ನಿಯಮದಂತೆ ಸಾಮಾನ್ಯವಾಗಿ 20 ಮಿಲಿಮೀಟರ್, ತೇವ ತಾಗುವ ಕಡೆ 30 ಅಥವಾ ಅದಕ್ಕೂ ಹೆಚ್ಚು. ನಮ್ಮಲ್ಲಿ? ಕಂಬಿ ಕೆಳಗೆ ನಾಲ್ಕು ಜಲ್ಲಿಕಲ್ಲು. ಬಾಂಡ್ಲಿ ಹೊತ್ತವರು ಓಡಾಡುವಾಗ ಜಲ್ಲಿ ಜಾರುತ್ತದೆ, ಕಂಬಿ ಸೆಂಟ್ರಿಂಗ್ ಶೀಟಿಗೆ ಅಂಟಿಕೊಳ್ಳುತ್ತದೆ. ತಪ್ಪು ಕೂಲಿಯವರದಲ್ಲ. ಕವರ್ ಬ್ಲಾಕ್ ತರಿಸಬೇಕಾದವರು ತರಿಸಲಿಲ್ಲ. ಲಕ್ಷಗಟ್ಟಲೆ ಸುರಿಯುವ ಮನೆಗೆ ಆ ಕಾಸು ಯಾವ ಲೆಕ್ಕ?

ನೀರಿನ ಟ್ಯಾಂಕು, ಶಾಲೆ ಕೊಠಡಿಗಳ ಕತೆ ಇನ್ನೂ ಕೆಟ್ಟದು. ಕಂಬಿ ಹೊರಬಂದ ಮೇಲೆ ತುಕ್ಕನ್ನೂ ಉಜ್ಜದೆ ಗಾರೆ ಮೆತ್ತಿ, ಬಣ್ಣ ಬಳಿದು ಬಿಲ್ ಮಾಡುತ್ತಾರೆ. ಒಳಗೆ ತುಕ್ಕು ತನ್ನ ಕೆಲಸ ಮುಂದುವರಿಸುತ್ತಿರುತ್ತದೆ, ಕೆಳಗೆ ಮಕ್ಕಳು ಕೂತಿರುತ್ತಾರೆ.

ನಿಮ್ಮ ಮನೆಯದಾಗಲಿ ಊರಿನದಾಗಲಿ, ಮೋಲ್ಡ್ ಹಾಕುವ ಹಿಂದಿನ ದಿನ ಟೇಪ್ ಹಿಡಿದು ಸೆಂಟ್ರಿಂಗ್ ಮೇಲೆ ಹತ್ತಿ. ಕಂಬಿ ಕೆಳಗೆ ಬೆರಳು ತೂರದಿದ್ದರೆ ಕೆಲಸ ನಿಲ್ಲಿಸಿ.